ಮನೆಗಳೇನೋ ಬೆಳೆದವು, ಗಡಿಯಾರ ಯಾರ ಕೈಲಿದೆ? ಲೆನರ್ಡ್ ಚೆಷೈರ್ ವಸತಿ ಆರೈಕೆಯ ವಿಮರ್ಶೆ

ಅಂಗವಿಕಲರ ವಸತಿ ಆರೈಕೆ ಮನೆಯೊಂದು ಹೇಗಿದೆ ಎಂದು ತಿಳಿಯಬೇಕಿದ್ದರೆ ಬೆಳಿಗ್ಗೆ ಹನ್ನೊಂದಕ್ಕೆ ಹೋಗಬೇಡಿ. ಆ ಹೊತ್ತಿಗೆ ನೆಲ ಒರೆಸಿ ಆಗಿರುತ್ತದೆ, ಎಲ್ಲರ ಸ್ನಾನ ಮುಗಿದಿರುತ್ತದೆ, ಮ್ಯಾನೇಜರ್ ಬಾಗಿಲಲ್ಲೇ ನಿಂತು ಬರಮಾಡಿಕೊಳ್ಳುತ್ತಾರೆ. ಸಂಜೆ ಏಳೂವರೆಗೆ ಹೋಗಿ. ಆಗಲೇ ರಾತ್ರಿ ಉಡುಪು ತೊಟ್ಟು ಹಾಸಿಗೆ ಸೇರಿದವರು ಎಷ್ಟು ಜನ, ಎಣಿಸಿ. ಹಗಲು ಪಾಳಿ ಎಂಟಕ್ಕೋ ಎಂಟೂವರೆಗೋ ಮುಗಿಯುತ್ತದೆ, ರಾತ್ರಿಗೆ ಉಳಿಯುವವರು ಇಬ್ಬರೇ. ಹಾಗಾಗಿ ನಲವತ್ತು ದಾಟಿದ ಗಂಡಸನ್ನೂ ಹೊರಗೆ ಬೆಳಕಿರುವಾಗಲೇ ಕೂಸಿನಂತೆ ಮಲಗಿಸಿಬಿಡುತ್ತಾರೆ. ಈ ಸೇವೆಯ ಬಗ್ಗೆ ಎಷ್ಟೇ ಮಾತಾಡಿದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ: ಮಲಗುವ ಹೊತ್ತು ಯಾರು ಗೊತ್ತುಮಾಡುತ್ತಾರೆ?

ಈ ಪ್ರಶ್ನೆ ಹಿಡಿದುಕೊಂಡು ಅಂಗವಿಕಲರಿಗೆ ಆರೈಕೆ ಮನೆಗಳನ್ನು ನಡೆಸುವ ಬ್ರಿಟನ್ನಿನ ಲೆನರ್ಡ್ ಚೆಷೈರ್ ಸೇವಾಸಂಸ್ಥೆಯ ಕೆಲಸವನ್ನು ಇಲ್ಲಿ ತೂಗಿ ನೋಡಿದ್ದೇವೆ. 1948ರಲ್ಲಿ ಒಂದು ಮನೆ, ಒಬ್ಬ ರೋಗಿ. ಸ್ಥಾಪಕರು ತೀರಿಕೊಂಡ 1992ರ ಹೊತ್ತಿಗೆ 49 ದೇಶಗಳಲ್ಲಿ 270 ಮನೆಗಳು. ಹರಡಿದ ವೇಗಕ್ಕೆ ಅಂಕ ಕೊಡುವುದಾದರೆ ಪೂರ್ತಿ ಕೊಡಬೇಕು. ತಕರಾರಿರುವುದು ಹರಡಿದ್ದು ಏನು ಎನ್ನುವುದರಲ್ಲಿ. ಮನೆಗಳು ಬೆಳೆದಷ್ಟು ಬೇಗ ದುಡಿಯುವ ಕೈಗಳು ಬೆಳೆಯಲಿಲ್ಲ. ಆ ಮನೆಗಳಲ್ಲಿದ್ದವರ ಮಾತಿಗೆ ಬೆಲೆ ಬಂದದ್ದಂತೂ ಇನ್ನೂ ತಡವಾಗಿ, ಅದೂ ಅವರು ಜಗಳ ಆಡಿದ ಮೇಲೆ.

ಶುರುವಾದದ್ದು ಯಾವ ಯೋಜನೆಯಿಂದಲೂ ಅಲ್ಲ. ಲೆನರ್ಡ್ ಚೆಷೈರ್ ಎರಡನೇ ಮಹಾಯುದ್ಧದ ಬಾಂಬರ್ ಪೈಲಟ್, ವಿಕ್ಟೋರಿಯಾ ಕ್ರಾಸ್ ಪಡೆದವರು. 1945ರ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಬಾಂಬ್ ಬಿದ್ದಾಗ ಬ್ರಿಟನ್ನಿನ ಪರವಾಗಿ ವಿಮಾನದಿಂದ ಅದನ್ನು ನೋಡಿದವರು. ಯುದ್ಧ ಮುಗಿದ ಮೇಲೆ ಮಾಜಿ ಸೈನಿಕರೆಲ್ಲ ಒಟ್ಟಿಗೆ ಬಾಳುವ ಒಂದು ಸಮುದಾಯ ಕಟ್ಟಲು ಹ್ಯಾಂಪ್‌ಷೈರಿನ ಲೆ ಕೋರ್ಟ್ ಎಂಬ ದೊಡ್ಡ ಬಂಗಲೆಯನ್ನು ತೆಗೆದುಕೊಂಡರು. ಆ ಪ್ರಯೋಗ ನೆಲಕಚ್ಚಿತು. ಸಾಲದ ಹೊರೆ ಹೊತ್ತ ಖಾಲಿ ಬಂಗಲೆ ಉಳಿಯಿತು. ಆ ಹೊತ್ತಿಗೆ, ಹಿಂದೆ ವಾಯುಪಡೆಯಲ್ಲಿದ್ದ ಆರ್ಥರ್ ಡೈಕ್ಸ್ ಎಂಬವರಿಗೆ ಕ್ಯಾನ್ಸರ್, ಇನ್ನು ಉಳಿಯುವುದಿಲ್ಲ ಎಂದು ಗೊತ್ತಾಗಿತ್ತು. ಆಸ್ಪತ್ರೆಗೆ ಅವರ ಹಾಸಿಗೆ ಬೇಕಿತ್ತು, ಹೋಗಲು ಅವರಿಗೆ ಜಾಗವಿರಲಿಲ್ಲ. ಚೆಷೈರ್ ಅವರನ್ನು ಕರೆತಂದು ತಾವೇ ಶುಶ್ರೂಷೆ ಮಾಡಿದರು. 1948ರ ಆಗಸ್ಟಿನಲ್ಲಿ ಡೈಕ್ಸ್ ತೀರಿಕೊಂಡರು. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಮರುವರ್ಷದ ಬೇಸಿಗೆಗೆ ಲೆ ಕೋರ್ಟ್‌ನಲ್ಲಿ 24 ಜನ ನಿವಾಸಿಗಳಿದ್ದರು.

1948 ಎಂಬ ಆ ವರ್ಷವನ್ನು ಸ್ವಲ್ಪ ಗಮನಿಸಬೇಕು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದದ್ದೂ 1948ರಲ್ಲೇ, ಜುಲೈ 5ರಂದು. ಎಲ್ಲರಿಗೂ ಉಚಿತ ಚಿಕಿತ್ಸೆ ಎಂದು ಸಾರಿದ ಆ ಸೇವೆಯಲ್ಲಿ ಚಿಕಿತ್ಸೆಯಿಂದ ಗುಣವಾಗದವರಿಗೆ ತಕ್ಕ ಜಾಗವಿರಲಿಲ್ಲ. ಸ್ನಾಯುಕ್ಷಯ, ಪೋಲಿಯೊ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದ ಇಪ್ಪತ್ತು ಇಪ್ಪತ್ತೈದರ ಹುಡುಗ ಹುಡುಗಿಯರು ಮುದುಕರ ವಾರ್ಡಿನಲ್ಲಿ, ದಿನಕ್ಕೊಬ್ಬರು ಸಾಯುವುದನ್ನು ನೋಡುತ್ತಾ ವರ್ಷಗಟ್ಟಲೆ ಮಲಗಿರುತ್ತಿದ್ದರು. ಅಂಥ ವಾರ್ಡಿನಿಂದ ಲೆ ಕೋರ್ಟ್‌ಗೆ ಬಂದವರಿಗೆ ಅದು ಸ್ವರ್ಗವೇ ಸರಿ. ಈ ಮಾತನ್ನು ಮರೆತು ಮಾಡುವ ಟೀಕೆ ನ್ಯಾಯದ್ದಲ್ಲ.

ಮುಂದೆ ಮನೆಗಳು ಹೆಚ್ಚಿದ ಬಗೆ ನೋಡಿ. 1955ರಲ್ಲಿ ಬ್ರಿಟನ್ನಿನಲ್ಲಿ ಆರು ಮನೆಗಳಿದ್ದವು. ಅದರ ಬೆನ್ನಿಗೇ ಮುಂಬೈಯ ಬೆತ್ಲೆಹೆಮ್ ಹೌಸ್ ಬಂತು. ಹೊರದೇಶದ ಮೊದಲ ಚೆಷೈರ್ ಮನೆ ಅದು. ಸೂತ್ರ ಸರಳ. ಊರಿನ ಉತ್ಸಾಹಿಗಳು ಸೇರಿ ಒಂದು ಸಮಿತಿ ಮಾಡುತ್ತಾರೆ, ಯಾರೋ ಒಂದು ಹಳೆಯ ಮನೆ ಕೊಡುತ್ತಾರೆ, ಸಮಿತಿಯೇ ಹಣ ಎತ್ತಿ ನಡೆಸುತ್ತದೆ, ಮಧ್ಯದ ಟ್ರಸ್ಟ್ ಹೆಸರನ್ನೂ ನೆರಳನ್ನೂ ಕೊಡುತ್ತದೆ. ಯುದ್ಧದ ನಂತರ ಇಂಗ್ಲೆಂಡಿನಲ್ಲಿ ಹಳ್ಳಿಗಾಡಿನ ದೊಡ್ಡ ಬಂಗಲೆಗಳನ್ನು ಸಾಕಲಾಗದೆ ಶ್ರೀಮಂತರೇ ಕೈಬಿಡುತ್ತಿದ್ದ ಕಾಲ. ಆದ್ದರಿಂದ ಕಟ್ಟಡಕ್ಕೆ ಬರ ಇರಲಿಲ್ಲ.

ಆನೆಯನ್ನು ದಾನ ಕೊಟ್ಟವರು ಅದರ ಮೇವನ್ನು ಕೊಡುವುದಿಲ್ಲವಲ್ಲ, ಇಲ್ಲಿ ಆದದ್ದೂ ಅದೇ. ಅಂಥ ಬಂಗಲೆ ಊರಿನಿಂದ ಮೂರು ನಾಲ್ಕು ಮೈಲಿ ಆಚೆ, ಮರಗಳ ನಡುವೆ, ಜಲ್ಲಿ ಹಾಸಿದ ಉದ್ದದ ದಾರಿಯ ತುದಿಯಲ್ಲಿರುತ್ತದೆ. ವೀಲ್‌ಚೇರಿನ ಮುಂಗಾಲಿ ಜಲ್ಲಿಯಲ್ಲಿ ಹೂತುಹೋಗುತ್ತದೆ. ಬಸ್ಸಿಲ್ಲ. ಕೆಲಸಕ್ಕೆ ಬರುವವರಿಗೂ ಬಸ್ಸಿಲ್ಲದ್ದರಿಂದ ಸಂಜೆ ಪಾಳಿಗೆ ಜನ ಸಿಗುವುದಿಲ್ಲ. ಮೇಲಿನ ಮಹಡಿಗೆ ಲಿಫ್ಟ್ ಕೂರಿಸಿದರೂ ಬೆಂಕಿ ಬಿದ್ದಾಗ ಅದನ್ನು ಬಳಸುವಂತಿಲ್ಲ. ವೀಲ್‌ಚೇರ್ ತಿರುಗಲು 1500 ಮಿಲಿಮೀಟರ್ ಅಗಲದ ಜಾಗ ಬೇಕು. ಹಳೆಯ ಬಂಗಲೆಯ ಬಚ್ಚಲಲ್ಲಿ ಅಷ್ಟು ಇರುವುದಿಲ್ಲ, ಗೋಡೆ ಒಡೆಯೋಣವೆಂದರೆ ಅದು ಛಾವಣಿಯ ಭಾರ ಹೊತ್ತ ಗೋಡೆ. ಲೆ ಕೋರ್ಟ್‌ನ ಹಳೆಯ ಕಟ್ಟಡವನ್ನೇ 1950ರ ದಶಕದಲ್ಲಿ ಕೆಡವಿ ಹೊಸದಾಗಿ ಕಟ್ಟಬೇಕಾಯಿತು. ದಾನವಾಗಿ ಬರುವ ಹಳೆಯ ಕಟ್ಟಡವನ್ನು ಸಂಸ್ಥೆಯೊಂದು ಸಂತೋಷದಿಂದ ಒಪ್ಪಿಕೊಳ್ಳುತ್ತಿದೆ ಎಂದರೆ ಮುಂದಿನ ಹತ್ತು ವರ್ಷದ ರಿಪೇರಿ ಲೆಕ್ಕ ಹಾಕಿಲ್ಲ ಎಂದೇ ತಿಳಿಯಿರಿ.

ಇನ್ನು ಒಳ್ಳೆಯದರ ವಿಷಯ. ಲೆ ಕೋರ್ಟ್‌ನ ನಿವಾಸಿಗಳು ತಮ್ಮದೇ ಸಮಿತಿ ಮಾಡಿಕೊಂಡರು. ವೀಲ್‌ಚೇರಿನಲ್ಲೇ ಕೂತು ಸಿನಿಮಾ ತೆಗೆಯುವ ತಂಡ ಕಟ್ಟಿದರು. ಆಗ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ರೂಪುಗೊಂಡಿದ್ದ ಪಾಸಮ್ ಎಂಬ ಯಂತ್ರ ಇಂಥ ಮನೆಗಳಿಗೂ ಬಂತು: ಒಂದು ನಳಿಕೆಯನ್ನು ಬಾಯಲ್ಲಿಟ್ಟು ಊದಿದರೆ, ಹೀರಿದರೆ ದೀಪ ಹತ್ತುತ್ತದೆ, ಕರೆಗಂಟೆ ಬಾರಿಸುತ್ತದೆ, ಟೈಪ್‌ರೈಟರ್ ಅಕ್ಷರ ಒತ್ತುತ್ತದೆ. ಪಾಸಮ್ ಎಂದರೆ ಲ್ಯಾಟಿನ್ನಿನಲ್ಲಿ ‘ನನ್ನಿಂದಾಗುತ್ತದೆ’ ಎಂದರ್ಥ. ಕತ್ತಿನಿಂದ ಕೆಳಗೆ ಏನೂ ಆಡದವರು ತಮ್ಮ ಕೋಣೆಯ ದೀಪವನ್ನು ತಾವೇ ಆರಿಸಬಹುದಾಯಿತು. ಆದರೆ ಆರಿಸುವ ಹೊತ್ತನ್ನು ಮಾತ್ರ ಮನೆಯ ಉಸ್ತುವಾರಿ ದಾದಿ, ಅಂದರೆ ಮೇಟ್ರನ್, ಹೇಳುತ್ತಿದ್ದರು.

ಜಗಳ ಹತ್ತಿದ್ದು ಆಗಲೇ. 1960ರ ದಶಕದಲ್ಲಿ ಲೆ ಕೋರ್ಟ್‌ನ ನಿವಾಸಿಗಳು ಆಡಳಿತದ ಎದುರು ನಿಂತದ್ದು ಯಾವ ದೊಡ್ಡ ತತ್ವಕ್ಕೂ ಅಲ್ಲ. ಮಲಗುವ ಹೊತ್ತು ನಮ್ಮದು. ಬೇಕಾದರೆ ಒಂದು ಗ್ಲಾಸ್ ಮದ್ಯ ಕುಡಿಯುತ್ತೇವೆ. ಗಂಡು ಹೆಣ್ಣು ಒಟ್ಟಿಗೆ ಕೂತರೆ ಮೂಗು ತೂರಿಸಬೇಡಿ. ಹೊರಗೆ ಹೋಗಲು ಅಪ್ಪಣೆ ಕೇಳುವುದಿಲ್ಲ. ಬೇಡಿಕೆ ಇಷ್ಟೇ. ಮುಂದೆ ನಿಂತವರಲ್ಲಿ ಪಾಲ್ ಹಂಟ್ ಒಬ್ಬರು, ಸ್ನಾಯುಕ್ಷಯ ಇದ್ದವರು. ಹೊರಗಿನ ತಜ್ಞರು ಬಂದು ನೋಡಿದರೆ ನಮ್ಮ ಮಾತಿಗೆ ತೂಕ ಬಂದೀತು ಎಂದು ನಿವಾಸಿಗಳೇ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಸಂಶೋಧಕರನ್ನು ಕರೆಸಿದರು. ಎರಿಕ್ ಮಿಲ್ಲರ್ ಮತ್ತು ಜೆರಾಲ್ಡಿನ್ ಗ್ವಿನ್ ಅವರ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡು ಮಾದರಿಗಳ ಪ್ರಸ್ತಾಪವಿದೆ: ನಿವಾಸಿಗಳನ್ನು ಕೆಡದಂತೆ ಜೋಡಿಸಿಡುವ ಗೋದಾಮು, ಮತ್ತು ಗಿಡಗಳಂತೆ ನೀರೆರೆದು ಬೆಳೆಸುವ ತೋಟ. ಈ ಎರಡು ಪದಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ಆದರೆ ಇಂಥ ಮನೆಗೆ ಬಂದವರನ್ನು ಸಮಾಜದ ಪಾಲಿಗೆ ಸತ್ತವರೆಂದೇ ಅದೇ ವರದಿ ಹೇಳಿದಾಗ, ಕರೆಸಿದವರಿಗೇ ಮೋಸವಾದಂತೆ ಅನಿಸಿತು. ಆ ವರ್ಷದ ಸೆಪ್ಟೆಂಬರ್ 20ರಂದು ಗಾರ್ಡಿಯನ್ ಪತ್ರಿಕೆಯಲ್ಲಿ ಹಂಟ್ ಅವರ ಒಂದು ಪತ್ರ ಬಂತು; ಅಂಗವಿಕಲರೇ ತಮ್ಮ ಒಕ್ಕೂಟ ಕಟ್ಟಿಕೊಳ್ಳೋಣ ಎಂದು ಕರೆದರು. ಬ್ರಿಟನ್ನಿನ ಅಂಗವಿಕಲರ ಚಳವಳಿಯ ಬೇರು ಹುಡುಕುತ್ತ ಹೋದರೆ ಈ ಪತ್ರಕ್ಕೆ, ಅಲ್ಲಿಂದ ಲೆ ಕೋರ್ಟ್‌ನ ಹಜಾರಕ್ಕೆ ಬಂದು ಮುಟ್ಟುತ್ತೇವೆ. ತಾನು ನಡೆಸಿದ ಮನೆಯಲ್ಲೇ ತನ್ನ ಅತಿ ಕಟುವಾದ ವಿಮರ್ಶಕರನ್ನು ಬೆಳೆಸಿದ ಸೇವಾಸಂಸ್ಥೆ ಬೇರೊಂದು ಸಿಗುವುದು ಕಷ್ಟ.

ಮೇಟ್ರನ್ ಕೆಟ್ಟವರು, ಹಾಗಾಗಿ ಹೀಗಾಯಿತು ಎಂದು ಮುಗಿಸುವುದು ಸುಲಭ. ನಿಜವಾದ ಕಾರಣ ಗಣಿತದಲ್ಲಿದೆ. ಹನ್ನೆರಡು ಜನರ ಒಂದು ಮನೆಯನ್ನು ಇಟ್ಟುಕೊಂಡು ಬೆಳಗಿನ ಕೆಲಸದ ಲೆಕ್ಕ ಹಾಕಿ. ಅವರಲ್ಲಿ ಐವರನ್ನು, ಮೈ ಎತ್ತುವ ಯಂತ್ರವಾದ ಹೋಯ್ಸ್ಟ್‌ನಿಂದಲೇ ಎತ್ತಬೇಕು. ಅದಕ್ಕೆ ಇಬ್ಬರು ಬೇಕು, ತೊಳೆದು ಒರೆಸಿ ಬಟ್ಟೆ ತೊಡಿಸಿ ಕುರ್ಚಿಗೆ ಕೂರಿಸಲು 50 ನಿಮಿಷ. ಅಂದರೆ 500 ನಿಮಿಷದ ದುಡಿಮೆ. ಉಳಿದ ಏಳು ಜನಕ್ಕೆ ಒಬ್ಬೊಬ್ಬರ ಸಹಾಯ, ತಲಾ 30 ನಿಮಿಷ, 210. ಮೂವರಿಗೆ ತುತ್ತು ಕೊಡಬೇಕು, ತಲಾ ಅರ್ಧ ಗಂಟೆ, 90. ಮಾತ್ರೆ ಹಂಚುವವರನ್ನು ಒಂದು ಗಂಟೆ ಮಾತಾಡಿಸುವಂತಿಲ್ಲ, 60. ಒಟ್ಟು 860 ನಿಮಿಷ. ಏಳರಿಂದ ಹತ್ತರವರೆಗೆ ಕೆಲಸಕ್ಕೆ ನಾಲ್ವರಿದ್ದರೆ ಕೈಯಲ್ಲಿರುವುದು 720. ಎಲ್ಲ ಸರಿಯಾಗಿ ನಡೆದರೂ ಹತ್ತೂವರೆ ದಾಟುತ್ತದೆ. ಒಬ್ಬರು ಜ್ವರ ಎಂದು ಫೋನ್ ಮಾಡಿದರೋ, ಮೂವರಿಗೆ ಹನ್ನೊಂದು ಮುಕ್ಕಾಲು. ಅಲ್ಲದೆ ಮೂವರಲ್ಲಿ ಜೋಡಿ ಆಗುವುದು ಒಂದೇ, ಹಾಗಾಗಿ ಹೋಯ್ಸ್ಟ್ ಬೇಕಾದವರು ಸಾಲಾಗಿ ಕಾಯಬೇಕು.

ಇದಕ್ಕೆ ಮನೆಗಳು ಕಂಡುಕೊಳ್ಳುವ ಉಪಾಯ ಒಂದೇ. ರಾತ್ರಿ ಪಾಳಿಯವರು ಬೆಳಗಿನ ಜಾವ ಐದೂವರೆಗೇ ಮೂರು ನಾಲ್ಕು ಜನರನ್ನು ಎಬ್ಬಿಸಿ ತೊಳೆದು ಕೂರಿಸಿಬಿಡುವುದು. ಐದೂವರೆಗೆ ಎದ್ದವರು ಸಂಜೆ ಆರಕ್ಕೇ ಬಳಲುತ್ತಾರೆ. ‘ಅವರೇ ಬೇಗ ಮಲಗಲು ಇಷ್ಟಪಡುತ್ತಾರೆ’ ಎಂದು ಆರೈಕೆ ಯೋಜನೆಯಲ್ಲಿ ಬರೆದಿಡಲಾಗುತ್ತದೆ. ಬರೆದವರು ಸುಳ್ಳು ಬರೆಯುತ್ತಿಲ್ಲ. ಕಾರಣವನ್ನು ಬರೆಯುತ್ತಿಲ್ಲ ಅಷ್ಟೆ. ಯಾವುದೇ ಮನೆಯ ದಿನಚರಿ ಪುಸ್ತಕ ಕೈಗೆ ಸಿಕ್ಕರೆ ಮೊದಲು ಏಳುವ ಹೊತ್ತುಗಳ ಸಾಲು ನೋಡಿ. ವಾರವಿಡೀ ಅದೇ ನಾಲ್ಕು ಹೆಸರುಗಳ ಎದುರು 5:30, 5:45, 6:00, 6:15 ಎಂದು ಏಣಿಯಂತೆ ಇಳಿದಿದ್ದರೆ ಅದು ಅವರ ಅಭ್ಯಾಸವಲ್ಲ, ಪಾಳಿ ಪಟ್ಟಿ.

ಹೊಸ ಮನೆ ತೆರೆಯುವಾಗ ಟ್ರಸ್ಟಿಗಳು ಮರೆಯುವ ಇನ್ನೊಂದು ಲೆಕ್ಕವಿದೆ. ಒಂದು ಜಾಗದಲ್ಲಿ ಹಗಲೂ ರಾತ್ರಿ ಒಬ್ಬರು ಇರಬೇಕೆಂದರೆ ವಾರಕ್ಕೆ 168 ಗಂಟೆ. ಒಬ್ಬರ ಕೆಲಸ ವಾರಕ್ಕೆ 37.5 ಗಂಟೆ, ರಜೆ, ಕಾಯಿಲೆ, ತರಬೇತಿ ಕಳೆದರೆ ವರ್ಷದಲ್ಲಿ ಕೈಗೆ ಸಿಗುವುದು ಸುಮಾರು 44 ವಾರ. ಭಾಗಿಸಿ ನೋಡಿದರೆ ಒಬ್ಬರ ಆ ಒಂದು ಜಾಗಕ್ಕೆ ಐವರಿಗಿಂತ ಹೆಚ್ಚು ಜನರನ್ನು ನೇಮಿಸಬೇಕು. ಮೂವರನ್ನು ನೇಮಿಸಿ ಉಳಿದದ್ದಕ್ಕೆ ಏಜೆನ್ಸಿಯವರನ್ನು ಕರೆಸುವ ಮನೆಯಲ್ಲಿ ವಾರಕ್ಕೆ ಹತ್ತು ಹೊಸ ಮುಖ. ಮಾತು ಬಾರದ ನಿವಾಸಿ ಹುಬ್ಬು ಎತ್ತಿದರೆ ‘ಬೇಡ’ ಎಂದರ್ಥ ಎಂದು ಆ ಹೊಸಬರಿಗೆ ಯಾರು ಹೇಳಬೇಕು?

ಹೊಸಬರ ಕೈಯಲ್ಲಿ ಏನು ತಪ್ಪುತ್ತದೆ ಎಂಬುದನ್ನು ಹೋಯ್ಸ್ಟ್‌ನಲ್ಲೇ ನೋಡಬಹುದು. ಸ್ಲಿಂಗ್ ಎಂದರೆ ಬಟ್ಟೆಯ ತೊಟ್ಟಿಲು. ಅದರ ಅಳತೆ ಪ್ರತಿಯೊಬ್ಬರಿಗೂ ಬೇರೆ. ದೊಡ್ಡದಾದರೆ ಎತ್ತಿದಾಗ ಜನ ತಳದಿಂದ ಜಾರುತ್ತಾರೆ, ಚಿಕ್ಕದಾದರೆ ತೊಡೆಸಂದಿಯಲ್ಲಿ ಕೊರೆಯುತ್ತದೆ. ಕೊಕ್ಕೆಗೆ ಹಾಕುವ ಕುಣಿಕೆಗಳಿಗೆ ಬಣ್ಣವಿರುತ್ತದೆ. ಎಡಭುಜಕ್ಕೆ ಹಸಿರು ಹಾಕಿ ಬಲಭುಜಕ್ಕೆ ನೀಲಿ ಹಾಕಿದರೆ ಮೈ ವಾಲುತ್ತದೆ. ಕಾಲಿನ ಪಟ್ಟಿಗಳನ್ನು ಒಂದರೊಳಗೊಂದು ತೂರಿಸಿ ದಾಟಿಸಬೇಕು. ಎತ್ತಿ ಇಳಿಸುವಾಗ ವೀಲ್‌ಚೇರಿನ ಬ್ರೇಕ್ ಹಾಕಿರಬೇಕು, ಹೋಯ್ಸ್ಟ್‌ನ ಗಾಲಿಗಳನ್ನು ಮಾತ್ರ ಬಿಟ್ಟಿರಬೇಕು. ಹೊಸಬರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಭಾರ ಬಿದ್ದಾಗ ಹೋಯ್ಸ್ಟ್ ತಾನೇ ಸರಿದು ನಡು ಹುಡುಕಿಕೊಳ್ಳಬೇಕು. ಗಾಲಿ ಕಟ್ಟಿಹಾಕಿದರೆ ಮಗುಚುವ ಭಯ. ಸ್ಲಿಂಗಿನ ಚೀಟಿ ಒಗೆದು ಒಗೆದು ಅಳಿಸಿಹೋಗಿದ್ದರೆ, ಎಷ್ಟು ಕಿಲೋ ತಡೆಯುತ್ತದೆ ಎಂದು ಓದಲಾಗದ ಆ ಸ್ಲಿಂಗನ್ನು ಬಳಸುವಂತಿಲ್ಲ. ಬ್ರಿಟನ್ನಿನ ನಿಯಮದ ಪ್ರಕಾರ ಜನರನ್ನು ಎತ್ತುವ ಹೋಯ್ಸ್ಟ್, ಸ್ಲಿಂಗ್ ಎರಡನ್ನೂ ಆರು ತಿಂಗಳಿಗೊಮ್ಮೆ ಪರಿಣತರಿಂದ ಪರೀಕ್ಷೆ ಮಾಡಿಸಬೇಕು. ಹೋಯ್ಸ್ಟ್‌ನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ದಿನಾಂಕ ಇರುತ್ತದೆ. ನೋಡಲು ಹೋದವರು ಅದನ್ನು ಓದಲು ಹತ್ತು ಸೆಕೆಂಡ್ ಸಾಕು. ಅದು ಹೇಳುವಷ್ಟನ್ನು ಬಣ್ಣದ ಕರಪತ್ರ ಹೇಳುವುದಿಲ್ಲ.

ಚರ್ಮದ ವಿಷಯವೂ ಹಾಗೆಯೇ. ಹಾಸಿಗೆಹುಣ್ಣು ಶುರುವಾಗುವುದು ಬೆನ್ನಿನ ಕೆಳತುದಿ, ಹಿಮ್ಮಡಿ, ಕೂರುವಾಗ ಭಾರ ಬೀಳುವ ಮೂಳೆಗಳ ಮೇಲೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದಿದ್ದರೆ ಒಳಗೆ ಪೆಟ್ಟಾಗಿದೆ ಎಂದು ಕಲಿಸುತ್ತಾರೆ. ಕಂದು, ಕಪ್ಪು ಚರ್ಮದಲ್ಲಿ ಈ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಅಲ್ಲಿ ಕೈಯಿಂದ ಮುಟ್ಟಿ ನೋಡಬೇಕು: ಸುತ್ತಲಿಗಿಂತ ಬಿಸಿಯೇ ತಣ್ಣಗೇ, ಗಟ್ಟಿಯೇ ಮೆತ್ತಗೇ, ನೋವೇ. ನಮ್ಮ ಬಣ್ಣದವರನ್ನು ಅಲ್ಲಿ ಸೇರಿಸುವ ಕುಟುಂಬಗಳು ಇದನ್ನು ಕೇಳಲೇಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹಳೆಯ ರೂಢಿ. ಈಗ ಹಾಸಿಗೆ, ಚರ್ಮ, ನಿದ್ದೆ ನೋಡಿ ಒಬ್ಬೊಬ್ಬರಿಗೆ ಬೇರೆ ಹೊತ್ತು ಗೊತ್ತುಮಾಡುತ್ತಾರೆ. ಪಟ್ಟಿಯಲ್ಲಿ ರಾತ್ರಿಯಿಡೀ ಸರಿಯಾಗಿ 10:00, 12:00, 2:00, 4:00 ಎಂದು ಒಂದೇ ಶಾಯಿಯಲ್ಲಿ ಇದ್ದರೆ ಅನುಮಾನ ಪಡಿ. ಹನ್ನೆರಡು ಜನರ ಮನೆಯಲ್ಲಿ ಇಬ್ಬರು ಸೇರಿ ಎಲ್ಲರನ್ನೂ ಹನ್ನೆರಡು ಗಂಟೆಗೇ ಹೊರಳಿಸಲು ಸಾಧ್ಯವಿಲ್ಲ. ಬೆಳಿಗ್ಗೆ ಕೂತು ತುಂಬಿಸಿದ ಪಟ್ಟಿ ಅದು.

ಸ್ನಾನದ ನೀರು ನಲ್ಲಿಯಲ್ಲಿ 44 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಆದರೆ ಬಿಸಿನೀರು ತುಂಬಿಡುವ ಟ್ಯಾಂಕಿನಲ್ಲಿ 60 ಡಿಗ್ರಿಯಲ್ಲೇ ಇಡಬೇಕು, ಇಲ್ಲದಿದ್ದರೆ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಎರಡನ್ನೂ ಸಾಧಿಸುವುದು ನಲ್ಲಿಯ ಹಿಂದಿನ ಮಿಶ್ರಣ ಕವಾಟ. ಸ್ಪರ್ಶ ತಿಳಿಯದ ಕಾಲುಗಳನ್ನು ಬಿಸಿನೀರಿಗೆ ಇಳಿಸಿದರೆ ಅವರು ಕಿರುಚುವುದಿಲ್ಲ, ಚರ್ಮ ಸುಲಿದ ಮೇಲಷ್ಟೇ ಗೊತ್ತಾಗುತ್ತದೆ. ಹಾಗಾಗಿ ಕವಾಟವಿದ್ದರೂ ಪ್ರತಿ ಸಲ ಥರ್ಮಾಮೀಟರ್ ಅದ್ದಿ ಬರೆಯಬೇಕು.

ಹಣದ ಕಡೆ ಬರೋಣ. ದಾನಿಗಳು ಕಟ್ಟಡಕ್ಕೆ ಕೊಡುತ್ತಾರೆ, ವ್ಯಾನಿಗೆ ಕೊಡುತ್ತಾರೆ. ಗೋಡೆಗೆ ಹೆಸರಿನ ಫಲಕ ಹಾಕಬಹುದು, ವ್ಯಾನಿನ ಮೇಲೆ ಬರೆಸಬಹುದು. ರಾತ್ರಿ ಮೂರಕ್ಕೆ ಎದ್ದು ಮಗ್ಗುಲು ಬದಲಿಸುವವರ ಸಂಬಳಕ್ಕೆ ಫಲಕ ಇಲ್ಲ. ಆ ಸಂಬಳ ಬರುವುದು ಬಹುಪಾಲು ಸ್ಥಳೀಯ ಆಡಳಿತವಾದ ಕೌನ್ಸಿಲ್ ಕೊಡುವ ಶುಲ್ಕದಿಂದ. ಶುಲ್ಕ ಖರ್ಚಿಗೆ ಸಾಲದಿದ್ದರೆ ದೇಣಿಗೆಯಿಂದ ಅಂತರ ತುಂಬುತ್ತಾರೆ. ಮನೆಗಳು ಹೆಚ್ಚಿದಷ್ಟೂ ಅಂತರವೂ ಹೆಚ್ಚುತ್ತದೆ. ಅಂಗಡಿಯ ಬೆಳವಣಿಗೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಂಗಡಿಗೆ ಗಿರಾಕಿ ಹೆಚ್ಚಿದರೆ ಲಾಭ, ಇಲ್ಲಿ ನಿವಾಸಿ ಹೆಚ್ಚಿದರೆ ಕೊರತೆ. ಚೆಷೈರ್ ಸಂಸ್ಥೆಯೇ ಇತ್ತೀಚಿನ ವರ್ಷಗಳಲ್ಲಿ ಕೆಲವು ಮನೆಗಳನ್ನು ಬೇರೆಯವರಿಗೆ ವಹಿಸಿಕೊಟ್ಟಿದೆ. ನಮ್ಮ ಮಟ್ಟಿಗೆ ಅದು ಸೋಲಲ್ಲ. ನಡೆಸಲಾಗದ್ದನ್ನು ಹಿಡಿದುಕೊಂಡು ಕೂರುವುದಕ್ಕಿಂತ ವಾಸಿ. ಆದರೆ ಅಲ್ಲಿದ್ದವರ ಪಾಲಿಗೆ, ಒಂದು ಬೆಳಿಗ್ಗೆ ತಮ್ಮ ಮನೆಯೇ ಬೇರೆಯವರದ್ದಾಯಿತು ಎಂಬುದು ಸಣ್ಣ ಸಂಗತಿಯಲ್ಲ.

ರಾತ್ರಿ ಪಾಳಿಯಲ್ಲೂ ಎರಡು ಬಗೆ ಇದೆ, ಕೇಳಿ ತಿಳಿಯಿರಿ. ಒಂದು ಎಚ್ಚರವಾಗಿರುವ ಪಾಳಿ, ಇನ್ನೊಂದು ಮನೆಯಲ್ಲೇ ಮಲಗಿದ್ದು ಕರೆದರೆ ಏಳುವ ಪಾಳಿ. ಮಲಗಿರುವ ಹೊತ್ತಿಗೆಲ್ಲ ಕನಿಷ್ಠ ವೇತನ ಕೊಡಬೇಕಿಲ್ಲ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಮಾರ್ಚಿನಲ್ಲಿ ತೀರ್ಪು ಕೊಟ್ಟಿತು. ಆ ಮೊಕದ್ದಮೆಯಲ್ಲಿ ಎದುರಾಳಿಯಾಗಿದ್ದುದು ಬೇರೊಂದು ಸೇವಾಸಂಸ್ಥೆ; ಈ ತೀರ್ಪಿನಿಂದ ಹಲವು ಸಂಸ್ಥೆಗಳು ನೆಮ್ಮದಿಯ ಉಸಿರು ಬಿಟ್ಟವು. ಅಪಸ್ಮಾರ ಇರುವವರಿಗೆ, ಮಗ್ಗುಲು ತಾವೇ ಬದಲಿಸಲಾಗದವರಿಗೆ ಮಲಗುವ ಪಾಳಿ ಸಾಲದು. ಕರೆಗಂಟೆ ಒತ್ತಲು ಬಾರದವರು ಯಾರನ್ನು ಹೇಗೆ ಕರೆಯಬೇಕು?

ಲೆ ಕೋರ್ಟ್‌ನ ಕತೆಗೆ ಇನ್ನೊಂದು ತಿರುವಿದೆ. 1979ರ ಸುಮಾರಿಗೆ ಅಲ್ಲಿನ ಕೆಲವು ನಿವಾಸಿಗಳು ಒಂದು ಸರಳ ಪ್ರಶ್ನೆ ಎತ್ತಿದರು: ನಮ್ಮನ್ನು ಇಲ್ಲಿಡಲು ಕೌನ್ಸಿಲ್ ಖರ್ಚು ಮಾಡುತ್ತಿರುವ ಹಣವನ್ನೇ ನಮ್ಮ ಕೈಗೆ ಕೊಟ್ಟರೆ ಸ್ವಂತ ಮನೆಯಲ್ಲಿ ನಾವೇ ಸಹಾಯಕರನ್ನು ನೇಮಿಸಿಕೊಳ್ಳಬಹುದಲ್ಲ? ಪ್ರಾಜೆಕ್ಟ್ 81 ಎಂದು ಹೆಸರಿಟ್ಟು ಹ್ಯಾಂಪ್‌ಷೈರ್ ಕೌನ್ಸಿಲ್ ಜೊತೆ ವರ್ಷಗಟ್ಟಲೆ ಮಾತುಕತೆ ನಡೆಸಿದರು. ಒಬ್ಬೊಬ್ಬರಿಗೂ ದಿನಕ್ಕೆ ಎಷ್ಟು ಗಂಟೆ ಯಾವ ಸಹಾಯ ಬೇಕೆಂದು ತಾವೇ ಬರೆದು ಕೊಟ್ಟರು. ಕೌನ್ಸಿಲ್ ನೇರವಾಗಿ ಅವರಿಗೆ ಹಣ ಕೊಡುವಂತಿರಲಿಲ್ಲ. ಹಾಗಾಗಿ ಹಣ ಸಂಸ್ಥೆಯ ಮೂಲಕ ಹಾದು ಅವರನ್ನು ಮುಟ್ಟಿತು. ಆ ನಿವಾಸಿಗಳಲ್ಲಿ ಒಬ್ಬರಾದ ಜಾನ್ ಎವನ್ಸ್ 1983ರಲ್ಲಿ ತಮ್ಮ ಸ್ವಂತ ಮನೆಗೆ ಹೋದರು. ಕೌನ್ಸಿಲ್‌ಗಳು ನೇರವಾಗಿ ಹಣ ಕೊಡಬಹುದು ಎಂಬ ಕಾನೂನು 1996ರಲ್ಲಿ ಬಂತು, ಮರುವರ್ಷ ಜಾರಿಯಾಯಿತು. ಲೆ ಕೋರ್ಟ್ 2007ರಲ್ಲಿ ಮುಚ್ಚಿತು.

ಹಾಗಾದರೆ ದೊಡ್ಡ ಮನೆ ಕೆಟ್ಟದ್ದು, ಆರು ಜನರ ಸಣ್ಣ ಮನೆ ಒಳ್ಳೆಯದು ಎನ್ನೋಣವೇ? ಈಗ ಎಲ್ಲ ಸಂಸ್ಥೆಗಳೂ ಹಾಗೆಯೇ ಹೇಳುತ್ತವೆ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿ, ಎಲ್ಲಿ ಯಾರ ಜೊತೆ ಬಾಳಬೇಕು ಎಂಬುದನ್ನು ಅಂಗವಿಕಲರೇ ಆರಿಸಿಕೊಳ್ಳಬೇಕು ಎನ್ನುತ್ತದೆ. ಅದಕ್ಕೆ 2017ರಲ್ಲಿ ಬರೆದ ವಿವರಣೆಯಲ್ಲಿ ವಿಶ್ವಸಂಸ್ಥೆಯ ಸಮಿತಿ ಇನ್ನೂ ಕಟ್ಟುನಿಟ್ಟಾಗಿದೆ: ನೂರು ಜನರ ಸಂಸ್ಥೆಯಿರಲಿ, ಐದರಿಂದ ಎಂಟು ಜನರ ಗುಂಪು ಮನೆಯಿರಲಿ, ಒಬ್ಬರೇ ಇರುವ ಮನೆಯಾದರೂ ಸರಿ, ಸಹಾಯಕರನ್ನು ಆರಿಸುವ, ದಿನಚರಿ ನಿರ್ಧರಿಸುವ ಅಧಿಕಾರ ಅಲ್ಲಿರುವವರಿಗೆ ಇಲ್ಲದಿದ್ದರೆ ಅದು ಸ್ವತಂತ್ರ ಬಾಳಲ್ಲ. ಸಣ್ಣ ಮನೆಯಲ್ಲಿ ಒಂದು ಅಪಾಯ ಹೆಚ್ಚೇ ಇದೆ. ರಾತ್ರಿಗೆ ಒಬ್ಬರೇ ಇರುತ್ತಾರೆ. ಹೋಯ್ಸ್ಟ್‌ಗೆ ಇಬ್ಬರು ಬೇಕಾದವರು ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಹಾಸಿಗೆ ಬಿಟ್ಟು ಏಳುವಂತಿಲ್ಲ.

ಈ ಸಂಸ್ಥೆಯದಾಗಲಿ ಬೇರೆಯದಾಗಲಿ, ಇಂಗ್ಲೆಂಡಿನಲ್ಲಿ ಮನೆ ಹುಡುಕುವವರು ಮೊದಲು ಆರೈಕೆ ಮನೆಗಳನ್ನು ತಪಾಸಣೆ ಮಾಡುವ ಕೇರ್ ಕ್ವಾಲಿಟಿ ಕಮಿಷನ್ನಿನ ವರದಿ ತೆಗೆದು ಓದಬೇಕು. ಸುರಕ್ಷತೆ, ಪರಿಣಾಮ, ಕಾಳಜಿ, ಸ್ಪಂದನೆ, ನಾಯಕತ್ವ ಎಂಬ ಐದು ವಿಷಯಗಳಲ್ಲಿ ಪ್ರತಿ ಮನೆಗೂ ದರ್ಜೆ ಇರುತ್ತದೆ. ಸಂಸ್ಥೆಯ ಹೆಸರು ನೋಡಿ ಮೋಸ ಹೋಗಬೇಡಿ. ಒಂದೇ ಸಂಸ್ಥೆಯ ಎರಡು ಮನೆಗಳು ಅಜಗಜಾಂತರ ಇರುತ್ತವೆ, ಏಕೆಂದರೆ ಮನೆ ನಿಂತಿರುವುದು ಅಲ್ಲಿನ ಮ್ಯಾನೇಜರ್ ಮೇಲೆ. ವರದಿಯ ದಿನಾಂಕದ ನಂತರ ಮ್ಯಾನೇಜರ್ ಬದಲಾಗಿದ್ದರೆ ಆ ವರದಿಗೆ ಅರ್ಧ ಬೆಲೆ. ದರ್ಜೆ ‘ಉತ್ತಮ’ ಎಂದಿದ್ದರೂ ವರದಿ ಮೂರು ನಾಲ್ಕು ವರ್ಷ ಹಳೆಯದಾಗಿದ್ದರೆ ಸ್ವಂತ ಕಣ್ಣನ್ನೇ ನಂಬಿ. ಸೇವಾಸಂಸ್ಥೆಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನ್ನಿನ ದಾಖಲೆಯಲ್ಲಿ ವಾರ್ಷಿಕ ಲೆಕ್ಕಪತ್ರ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನಿರ್ದಿಷ್ಟ ಉದ್ದೇಶಕ್ಕೆ ಕಟ್ಟಿಹಾಕಿದ ನಿಧಿ ಎಷ್ಟು, ಸಂಸ್ಥೆ ಇಷ್ಟದಂತೆ ಬಳಸಬಹುದಾದ ನಿಧಿ ಎಷ್ಟು ಎಂದು ಬೇರೆ ಬೇರೆ ಅಂಕಣ ಇರುತ್ತದೆ. ಮೊದಲನೆಯದು ಉಬ್ಬಿ ಎರಡನೆಯದು ಸೊರಗಿದ್ದರೆ ಕಟ್ಟಡಕ್ಕೆ ದುಡ್ಡಿದೆ, ಮುಂದಿನ ತಿಂಗಳ ಸಂಬಳಕ್ಕೆ ಪರದಾಟ ಎಂದರ್ಥ.

ನಿವಾಸಿಯ ಕೈಖರ್ಚಿನ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಕೌನ್ಸಿಲ್ ಶುಲ್ಕ ಕೊಡುವಾಗ ನಿವಾಸಿಯ ಬಹುಪಾಲು ಆದಾಯವನ್ನು ಅದಕ್ಕೇ ವಜಾ ಮಾಡಿಕೊಂಡು, ಸ್ವಂತ ಖರ್ಚಿಗೆಂದು ವಾರಕ್ಕೆ ಸುಮಾರು 30 ಪೌಂಡ್ ಬಿಡುತ್ತದೆ. ಬಟ್ಟೆ, ಫೋನ್, ಕ್ಷೌರ, ಹುಟ್ಟುಹಬ್ಬದ ಉಡುಗೊರೆ ಎಲ್ಲ ಅದರಲ್ಲೇ. 23,250 ಪೌಂಡಿಗಿಂತ ಹೆಚ್ಚು ಉಳಿತಾಯ ಇದ್ದರೆ ಪೂರ್ತಿ ಶುಲ್ಕ ತಾವೇ ಕಟ್ಟಬೇಕು. ಕೌನ್ಸಿಲ್ ಹಣದಲ್ಲಿ ಮನೆ ಸೇರಿದ 28 ದಿನಕ್ಕೆ, ಅಂಗವಿಕಲರಿಗೆ ಸರ್ಕಾರ ಕೊಡುವ ಪಿಪ್ ಭತ್ಯೆಯ ದೈನಂದಿನ ಬದುಕಿನ ಭಾಗ ನಿಲ್ಲುತ್ತದೆ, ಓಡಾಟದ ಭಾಗ ಮುಂದುವರಿಯುತ್ತದೆ. ಈ ಓಡಾಟದ ಹಣ ನಿವಾಸಿಯದು. ಅದನ್ನು ಮನೆಯ ವ್ಯಾನಿನ ಖಾತೆಗೆ ಸೇರಿಸಿಕೊಂಡು ತಿಂಗಳಿಗೊಂದು ಸಲ ಹೊರಗೆ ಕರೆದೊಯ್ಯುತ್ತಿದ್ದಾರೆಯೇ ಎಂದು ಕೇಳಿ, ಲೆಕ್ಕ ಕೊಡಿ ಎನ್ನಿ.

ಇನ್ನೊಂದು ಆಯ್ಕೆ ಬೆಂಬಲಿತ ವಾಸ. ಚೆಷೈರ್ ಸೇರಿದಂತೆ ಹಲವು ಸಂಸ್ಥೆಗಳು ಇದನ್ನೂ ನಡೆಸುತ್ತವೆ. ಇಲ್ಲಿ ಮನೆಗೆ ಬಾಡಿಗೆ ಕರಾರು ಬೇರೆ, ಆರೈಕೆಯ ಒಪ್ಪಂದ ಬೇರೆ. ಆರೈಕೆ ಸರಿಯಿಲ್ಲದಿದ್ದರೆ ಆರೈಕೆಯವರನ್ನು ಬದಲಿಸಬಹುದು, ಮನೆ ಬಿಡಬೇಕಿಲ್ಲ. ವಸತಿ ಆರೈಕೆ ಮನೆಯಲ್ಲಿ ಎರಡೂ ಒಂದೇ ಕೈಯಲ್ಲಿರುವುದರಿಂದ ದೂರು ಕೊಡುವವರಿಗೆ ತಲೆಯ ಮೇಲಿನ ಸೂರಿನದೇ ಹೆದರಿಕೆ. ಆದ್ದರಿಂದ ಸೇರುವ ಮೊದಲೇ ಒಪ್ಪಂದಪತ್ರದಲ್ಲಿ ನೋಟಿಸ್ ಅವಧಿಯ ಸಾಲು ಹುಡುಕಿ: ಮನೆಯವರು ಎಷ್ಟು ದಿನದ ಮುನ್ಸೂಚನೆ ಕೊಟ್ಟು, ಯಾವ ಯಾವ ಕಾರಣಕ್ಕೆ ಹೊರಗೆ ಕಳಿಸಬಹುದು, ಆಸ್ಪತ್ರೆಯಲ್ಲಿದ್ದಾಗ ಕೋಣೆ ಎಷ್ಟು ವಾರ ಕಾದಿಡುತ್ತಾರೆ. ವೀಲ್‌ಚೇರ್, ಸ್ಲಿಂಗ್, ಗಾಳಿ ಹಾಸಿಗೆ, ಮಾತಾಡುವ ಯಂತ್ರ ಇವುಗಳಲ್ಲಿ ಯಾವುದು ನಿವಾಸಿಯದು, ಯಾವುದು ಮನೆಯದು ಎಂದು ಕ್ರಮಸಂಖ್ಯೆ ಸಮೇತ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ಮಲಗುವ ಹೊತ್ತನ್ನೂ ಅದೇ ಹಾಳೆಯಲ್ಲಿ, ಮಲಗುವವರು ಹೇಳಿದ ಹಾಗೆ ಬರೆಸಿ.